ಇವತ್ತು ಯಾರು ಕಳಿಸಿದ್ದು

ಸ್ವೀಡನ್ನಿನ ಸ್ಯಾಂಡ್‌ವಿಕೆನ್ ಊರಿನ ನಮ್ಮ ಮನೆಯ ಬಾಗಿಲಲ್ಲಿ ಅಂಚೆ ಹಾಕಲು ಒಂದು ಕಿಂಡಿಯಿದೆ, ಅದಕ್ಕೊಂದು ಲೋಹದ ಮುಚ್ಚಳ. ಮೆಟ್ಟಿಲ ಕಡೆಯ ಗಾಳಿಗೆ ಅದು ಟಕ್ಕೆಂದಾಗಲೆಲ್ಲ ನನ್ನ ಕೈಕೆಲಸ ನಿಂತುಹೋಗುತ್ತದೆ. "ಗಾಳಿ ಕಣೇ," ಎನ್ನುತ್ತಾರೆ ನನ್ನ ಗಂಡ. ಗಾಳಿಯೆಂದು ನನಗೆ ಗೊತ್ತಿಲ್ಲವೇ? ಆದರೂ ಅಂಗಳದಾಚೆಯ ಕಟ್ಟಡದ ಅಜ್ಜಿ ಆ ಕಿಂಡಿಯಿಂದ ಏನೋ ಕೇಳುತ್ತಿದ್ದಾಳೆ ಎನಿಸುತ್ತದೆ. ಆಕೆ ತೀರಿಕೊಂಡು ಎರಡು ಚಳಿಗಾಲ ಕಳೆದಿವೆ.

ನಾನು ಮೈಸೂರಿನ ಕ್ರೈಸ್ತರ ಮನೆಯ ಮಗಳು. ಸಂಜೆಯ ಪ್ರಾರ್ಥನೆ ಮುಗಿಸಿ, ತಟ್ಟೆ ಹಾಕುವ ಮೊದಲು ಅಮ್ಮ ನನ್ನನ್ನೂ ತಮ್ಮನನ್ನೂ ಕೇಳುತ್ತಿದ್ದಳು: "ಇವತ್ತು ದೇವರು ಮೆಚ್ಚೋ ಅಂಥದ್ದು ಏನ್ ಮಾಡಿದ್ರಿ?" ಉತ್ತರವಿಲ್ಲದ ದಿನ ತಲೆ ತಗ್ಗಿಸಿಕೊಂಡೇ ಉಣ್ಣುತ್ತಿದ್ದೆವು. ಹಾಗಾಗಿ ಹೊತ್ತು ಮುಳುಗುವ ಮುನ್ನ ಉಪಕಾರ ಹುಡುಕಿಕೊಂಡು ಬೀದಿಗಿಳಿಯುತ್ತಿದ್ದೆವು. ಎದುರುಮನೆಯಾಕೆಯ ಬಿಂದಿಗೆ ಯಾರು ಹೊರಬೇಕೆಂದು ಇಬ್ಬರೂ ಎಳೆದಾಡಿ, ನೀರೆಲ್ಲ ಚೆಲ್ಲಿ, ಬೈಸಿಕೊಂಡದ್ದೂ ಉಂಟು.

ಸ್ವೀಡನ್‌ಗೆ ಬಂದ ಮೇಲೂ ಭಾನುವಾರದ ವಾಟ್ಸ್ಯಾಪ್ ಕರೆಯಲ್ಲಿ ಅಮ್ಮನದು ಅದೇ ಪ್ರಶ್ನೆ. ಇಲ್ಲಿ ಯಾರೂ ಯಾರಿಂದಲೂ ಏನನ್ನೂ ಕೇಳುವವರಲ್ಲ. ಆದ್ದರಿಂದ ಒಂಟಿಯಾಗಿದ್ದ ಈ ಅಜ್ಜಿಯ ಪರಿಚಯವಾದಾಗ ನನಗೆ ನಿಧಿ ಸಿಕ್ಕಂತಾಯಿತು. ಪ್ರತಿ ಗುರುವಾರ ಮೆಣಸಿನಕಾಯಿ ಹಾಕದ ಚಿತ್ರಾನ್ನ ಒಯ್ಯುತ್ತಿದ್ದೆ. ಆಕೆ ಕರಿಬೇವನ್ನು ಒಂದೊಂದಾಗಿ ಆರಿಸಿ ತಟ್ಟೆಯಂಚಿಗಿಟ್ಟು, ಉಳಿದದ್ದನ್ನು ಚೊಕ್ಕಟವಾಗಿ ತಿನ್ನುತ್ತಿದ್ದಳು. ಆಮೇಲೆ ಇಬ್ಬರಿಗೂ ಹಾಲಿಲ್ಲದ ಕಾಫಿ, ಕಷಾಯದಂಥದ್ದು.

ಒಂದು ಗುರುವಾರ ಕೇಳಿದಳು, "ಯಾಕೆ ಬರ್ತೀಯ ನೀನು?"

ನನ್ನ ಅರೆಬರೆ ಸ್ವೀಡಿಷ್‌ನಲ್ಲಿ ಹೆಮ್ಮೆಯಿಂದಲೇ ಹೇಳಿದೆ, "ದೇವರು ಮೆಚ್ಚಲಿ ಅಂತ. ನಮಗೆ ಚಿಕ್ಕಂದಿನಿಂದ ಹಾಗೇ ಕಲಿಸಿದ್ದಾರೆ."

ಆಕೆ ಬಟ್ಟಲು ಕೆಳಗಿಟ್ಟಳು. "ಹಾಗಾದ್ರೆ ನಿನಗೆ ನಾನು ಬೇಕಾಗಿಲ್ಲ. ಯಾರೋ ಒಬ್ಬ ಮುದುಕಿ ಬೇಕು, ಅಷ್ಟೇ."

ಮೈಯೆಲ್ಲ ಉರಿದುಹೋಯಿತು. ಬಿಸಿ ಅನ್ನ ತಂದವಳಿಗೆ ಇಂಥ ಮಾತೇ ಎಂದು ಮನೆಗೆ ಬಂದು ಗಂಡನ ಮುಂದೆ ಕೂಗಾಡಿದೆ. "ನಿಜ ಹೇಳಿದ್ದಾರೆ ಬಿಡು," ಎಂದುಬಿಟ್ಟರು ಅವರು. ಇನ್ನು ಆ ಕಡೆ ಹೋಗುವುದೇ ಇಲ್ಲ ಎಂದುಕೊಂಡೆ. ಗುರುವಾರ ಬಂದಾಗ ಮಾತ್ರ ಕಾಲು ತಾನಾಗಿ ಅತ್ತಲೇ ಹೋಯಿತು. ಬಾಗಿಲು ತೆರೆದ ಅಜ್ಜಿ ತುಂಟ ನಗೆ ನಕ್ಕು ಕೇಳಿದಳು, "ಇವತ್ತು ಯಾರು ಕಳಿಸಿದ್ದು?" ಅಂದಿನಿಂದ ಪ್ರತಿ ಸಲವೂ ಅದೇ ಪ್ರಶ್ನೆ. ಯಾರೂ ಕಳಿಸಿಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ, ಅದು ಸುಳ್ಳಾಗುತ್ತಿತ್ತು. ಒಂದಲ್ಲ ಒಂದು ದಿನ ಅದನ್ನು ನಿಜವಾಗಿಯೇ ಹೇಳಬೇಕೆಂಬ ಆಸೆ ಮಾತ್ರ ಬೆಳೆಯುತ್ತ ಹೋಯಿತು. ಆಕೆಯೂ ಅದಕ್ಕೇ ಕಾಯುತ್ತಿದ್ದಳು ಎಂದುಕೊಂಡಿದ್ದೇನೆ.

ಕ್ರಿಸ್‌ಮಸ್‌ಗೆ ಮುಂಚಿನ ವಾರಗಳಲ್ಲಿ ಇಲ್ಲಿ ಕಿಟಕಿ ಕಿಟಕಿಗೂ ದೀಪವಿಡುತ್ತಾರೆ. ಮಧ್ಯಾಹ್ನ ಮೂರಕ್ಕೆ ಕತ್ತಲಾಗುವ ಕಾಲ ಅದು. ಒಂದು ಮಂಗಳವಾರ ಕುಕ್ಕರ್ ಇಡುತ್ತ ಆಚೆ ನೋಡಿದರೆ ಅಜ್ಜಿಯ ಕಿಟಕಿ ಮಾತ್ರ ಕಪ್ಪಗಿತ್ತು. ಒಲೆ ಆರಿಸಿದ್ದು ನೆನಪಿದೆ. ಕೋಟು ಹಾಕಿಕೊಂಡದ್ದು ನೆನಪಿಲ್ಲ, ಹಾಕಿಕೊಂಡೇ ಇರಲಿಲ್ಲವಂತೆ. ಹಿಮದ ಮೇಲೆ ಮನೆಯ ಚಪ್ಪಲಿಯಲ್ಲೇ ಓಡಿದೆ. ದೇವರ ನೆನಪಾಗಲಿಲ್ಲ, ಅಮ್ಮನ ನೆನಪೂ ಆಗಲಿಲ್ಲ.

ಗಂಟೆ ಒತ್ತಿದೆ, ಬಾಗಿಲು ಬಡಿದೆ. ಕೊನೆಗೆ ಮಂಡಿಯೂರಿ ಅಂಚೆಕಿಂಡಿಯ ಮುಚ್ಚಳ ಎತ್ತಿ ಬಾಯಿಟ್ಟೆ. ಕಲಿತ ಸ್ವೀಡಿಷ್ ಎಲ್ಲ ಎಲ್ಲಿ ಹೋಯಿತೋ. "ಅಜ್ಜೀ, ಯಾರೂ ಕಳಿಸಿಲ್ಲ, ನಾನೇ ಬಂದಿದೀನಿ. ಬಾಗಿಲು ತೆಗೀರಿ," ಎಂದು ಕನ್ನಡದಲ್ಲೇ ಕೂಗಿದೆ. ಒಳಗಿನಿಂದ ತಣ್ಣನೆಯ ಕಾಫಿಯ ವಾಸನೆ ಬಂತು.

ಕಟ್ಟಡ ನೋಡಿಕೊಳ್ಳುವವನು ಬಂದು ಬೀಗ ತೆಗೆದ. ಅಜ್ಜಿ ಕುರ್ಚಿಯಲ್ಲಿದ್ದಳು, ಜೀವವಿರಲಿಲ್ಲ. ನಾನು ಕೂಗಿದಾಗ ಉಸಿರಿತ್ತೇ ಎಂದು ಬಂದವರನ್ನೆಲ್ಲ ಕೇಳಿದೆ. ಯಾರೂ ಸರಿಯಾಗಿ ಹೇಳಲಿಲ್ಲ. ಅಂತ್ಯಕ್ರಿಯೆಯ ದಿನ ಪಾದ್ರಿ ನನ್ನ ಕೈ ಹಿಡಿದು, "ನಿನ್ನ ಸೇವೆಯನ್ನು ದೇವರು ನೋಡಿದ್ದಾನೆ," ಎಂದರು. ಚಿಕ್ಕಂದಿನಿಂದ ಕೇಳಬಯಸಿದ ಮಾತು ಅದೇ. ಅಂದು ಅದನ್ನು ಕೇಳಿ ಸಿಟ್ಟು ಬಂತು.

ಆ ಭಾನುವಾರ ಅಮ್ಮ ಎಂದಿನಂತೆ ಕೇಳಿದಳು. "ಏನೂ ಮಾಡಿಲ್ಲಮ್ಮ," ಎಂದೆ. ಈಗಲೂ ಬಾಗಿಲ ಮುಚ್ಚಳ ಟಕ್ಕೆಂದರೆ ಹೋಗಿ ಮಂಡಿಯೂರಿ, "ಯಾರೂ ಕಳಿಸಿಲ್ಲ, ನಾನೇ ಬಂದಿದೀನಿ," ಎಂದು ಅಜ್ಜಿಗೆ ಹೇಳಿ ಬರುತ್ತೇನೆ. ಅಂದು ಅದು ಆಕೆಗೆ ಕೇಳಿಸಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.