ರಾಗಿ ಚೀಲದ ಕೆಳಗಿನ ಕೋಣೆ

ರೋಣದ ಕಡೆಯಿಂದ ಬಂದು ಯಶವಂತಪುರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆದ ವೀರಬಸಪ್ಪನಿಗೆ ಬೆಂಗಳೂರು ಎಂದರೆ ಒಂದು ಗೋಡೆ. ಆರ್.ಟಿ. ನಗರದ ಆ ಬಾಡಿಗೆ ಮನೆಯಲ್ಲಿ ಗೋಡೆಯ ಈಚೆ ಅವನು, ಆಚೆ ರಾಮಕೃಷ್ಣಪ್ಪ. ಹೆಬ್ಬಾಳದ ಹಳೇ ಊರಿನ ರಾಮಕೃಷ್ಣಪ್ಪ ರಾತ್ರಿ ಪಾಳಿ ಮುಗಿಸಿ ನಸುಕಿಗೆ ಬಂದು ಮಲಗುವವನು. ವೀರಬಸಪ್ಪನ ಹೆಂಡತಿ ರತ್ನವ್ವ ಜೋಳದ ರೊಟ್ಟಿ ಬಡಿಯಲು ಕೂರುವುದೂ ನಸುಕಿಗೇ. ಜಗಳಕ್ಕೆ ಇಷ್ಟು ಸಾಕಾಗಿತ್ತು. ಸಾಲದಿದ್ದರೆ ಎರಡೂ ಕಡೆ ಹಳೇ ಜಗಳಗಳ ದಾಸ್ತಾನಿತ್ತು.

ಮಾತು ಬಿಟ್ಟ ಮೇಲೆ ನೇರವಾಗಿ ಬೈಯುವಂತಿಲ್ಲವಲ್ಲ. ಹೆಂಡತಿಗೆ ಹೇಳಿದಂತೆ ಮಾಡಿ ಗೋಡೆಗೆ ಹೇಳಬೇಕು.

"ಕೇಳಿದ್ಯಾ ಸೊಣ್ಣಮ್ಮ? ರೊಟ್ಟಿ ತಟ್ತಾವ್ರೋ, ಗೋರಿ ಅಗೀತಾವ್ರೋ?" ಎಂದು ಆಚೆಯಿಂದ.

"ರತ್ನಾ, ಅಷ್ಟು ಗೊರಕಿ ಹೊಡಿಯಾವ್ರಿಗೆ ರೊಟ್ಟಿ ಸಪ್ಪಳಾ ಹೆಂಗ ಕೇಳಸ್ತದ ಅಂತೀನಿ!" ಎಂದು ಈಚೆಯಿಂದ.

ಆ ವರ್ಷ ವೀರಬಸಪ್ಪನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಬಾಣಂತಿಗೆ ಕೊಡಬಹುದಾದ ಕೋಣೆ ಒಂದೇ. ಅದರ ಸೀಲಿಂಗಿನ ಆಸ್ಬೆಸ್ಟಾಸ್ ಹಲಗೆ ಎಮ್ಮೆಯ ಹೊಟ್ಟೆಯ ಹಾಗೆ ಜೋತುಬಿದ್ದಿತ್ತು, ಅದೂ ತೊಟ್ಟಿಲು ತೂಗುವ ಜಾಗದ ಮೇಲೇ. ಅದರ ಸಂದಿಯಿಂದ ಹಾಸಿಗೆಗೆ ಆಗಾಗ ರಾಗಿ ಕಾಳು ಉದುರುತ್ತಿತ್ತು. ನಡುಗೋಡೆ ಸೀಲಿಂಗಿನವರೆಗೆ ಮಾತ್ರ ಇತ್ತು. ಹಲಗೆಗಳು ಗೋಡೆಯನ್ನು ದಾಟಿ ಎರಡೂ ಮನೆಗೆ ಹಾಸಿಕೊಂಡಿದ್ದವು. ಅಟ್ಟ ಹತ್ತುವ ಕಿಂಡಿ ಇದ್ದದ್ದು ರಾಮಕೃಷ್ಣಪ್ಪನ ಕಡೆಗೆ. ರಾಗಿ ಚೀಲ ತೆಗೆಯಿರೆಂದು ವೀರಬಸಪ್ಪ ಗೋಡೆಗೆ ಹೇಳಿ ನೋಡಿದ. ಆಚೆಯಿಂದ ಉತ್ತರ ಬಂತು:

"ಸೊಣ್ಣಮ್ಮ, ನಮ್ ರಾಗಿ ಅಲ್ಲಿಲ್ಲ ಅನ್ನು. ಇಲಿ ತಂದು ಹಾಕಿರ್ತವೆ."

ಕಾರ್ಖಾನೆಯ ಸೇಫ್ಟಿ ಆಫೀಸರು ಒಮ್ಮೆ ಎಲ್ಲರನ್ನೂ ನಿಲ್ಲಿಸಿ ಹೇಳಿದ್ದರು: ಈ ಹಲಗೆಯ ಧೂಳು ಎದೆಗೆ ಹೊಕ್ಕರೆ ಮತ್ತೆ ಹೊರಬರುವುದಿಲ್ಲ, ಒಡೆಯಬೇಡಿ, ಎರಡೂ ಮೈ ಚೆನ್ನಾಗಿ ನೆನೆಸಿ, ಇಡಿಯಾಗಿ ಇಳಿಸಿ. ಅಂದು ನಿಂತಲ್ಲೇ ತೂಕಡಿಸಿದ್ದ ವೀರಬಸಪ್ಪನಿಗೆ ಈಗ, ಹುಟ್ಟಬೇಕಾದ ಮೊಮ್ಮಗುವಿನ ಎದೆ ನೆನೆದು, ಅದೆಲ್ಲ ಬಾಯಿಪಾಠವಾಗಿತ್ತು.

ಭಾನುವಾರ ಮಧ್ಯಾಹ್ನ ಮೂಗಿಗೆ ಒದ್ದೆ ಟವೆಲ್ಲು ಕಟ್ಟಿಕೊಂಡು ಏಣಿ ಹತ್ತಿದ. ಮೂಲೆಯ ತುಂಡು ಹಲಗೆಯನ್ನು ನೆನೆಸಿ, ಸ್ಕ್ರೂ ಬಿಚ್ಚಿ, ಮೆಲ್ಲಗೆ ಇಳಿಸಿದ. ಮೇಲೆ ಕತ್ತಲು, ಏನೂ ಕಾಣದು. ಟವೆಲ್ಲು ಸರಿಸಿ ಗೋಡೆಯತ್ತ ಕೂಗಿದ:

"ರತ್ನಾ, ಮ್ಯಾಲೆ ಏನೂ ಇಲ್ಲಂತ! ಕೊಡಪಾನ ಕೊಡು, ಪೂರಾ ಸುರುವತೀನಿ!"

ಆಚೆ ಮಂಚ ಕಿರುಗುಟ್ಟಿತು.

"ಏಯ್ ವೀರಬಸಪ್ಪ! ನೀರ್ ಹಾಕ್ಬೇಡ್ರೀ! ರಾಗಿ ಅದೆ ಅಲ್ಲಿ!"

ರತ್ನವ್ವ ಬಾಯಿಗೆ ಸೆರಗು ಅಡ್ಡ ಹಿಡಿದಳು. ವರ್ಷಗಳ ಮೇಲೆ ಗೋಡೆ ದಾಟಿ ಬಂದ ಮೊದಲ ನೇರ ಮಾತು.

"ಇಲೀದೋ ನಿಮ್ಮದೋ?"

"ನಮ್ಮೂರ ಹೊಲದ್ದು ಕಣ್ರೀ! ನಮ್ ಕಡೆ ಹಲಗೆ ಬಗ್ತು, ನಿಮ್ ಕಡೆ ತಳ್ಳಿದ್ದೆ. ಅದಕ್ಕೇನೀಗ?"

ವೀರಬಸಪ್ಪ ಕೊಡಪಾನ ಎತ್ತಿ ಹಿಡಿದ. ಸುರಿಯುವ ಆಸೆ ಬಹಳ ಇತ್ತು. ಆದರೆ ನೆನೆದ ಚೀಲದ ಭಾರಕ್ಕೆ ಹಲಗೆ ಮುರಿದರೆ ಧೂಳು ಬೀಳುವುದು ಮಗಳ ಕೋಣೆಗೆ.

"ಚೀಲಾ ಎಳಕೋರಿ. ಆಮ್ಯಾಲೆ ಮುಖಕ್ಕ ಒದ್ದಿ ಅರಿವಿ ಕಟ್ಟಿ ಹಲಗಿ ಆ ತುದಿ ಹಿಡೀರಿ. ಮುರೀತಂದ್ರ ಧೂಳಿ ನಿಮ್ಮ ಮನಿಗೂ ಅಷ್ಟ ಬರ್ತದ."

ರಾಮಕೃಷ್ಣಪ್ಪ ಹಲ್ಲು ಕಡಿಯುತ್ತ ಚೀಲ ಎಳೆದುಕೊಂಡ. ಹಲಗೆ ನೆನೆಯಿತು, ಸ್ಕ್ರೂ ಬಿಚ್ಚಿಕೊಂಡವು. ಇಬ್ಬರೂ ಒಂದೊಂದು ತುದಿ ಹಿಡಿದು, ಒಬ್ಬರ ವಂಶವನ್ನು ಇನ್ನೊಬ್ಬರು ಬೈಯುತ್ತಲೇ ಅದನ್ನು ಈಚೆಗೆ ಜಾರಿಸಿದರು. ಬಾಯಿಗೆ ಒದ್ದೆ ಬಟ್ಟೆ ಇದ್ದುದರಿಂದ ಒಂದು ಬೈಗುಳವೂ ಸರಿಯಾಗಿ ತಲುಪಲಿಲ್ಲ. ಹಲಗೆ ಇಡಿಯಾಗಿ ನೆಲ ಮುಟ್ಟಿತು. ಆಚೆ ಪೊರಕೆಯ ಸದ್ದಾಯಿತು.

"ಕಸಬರಿಗಿ ಬ್ಯಾಡ್ರೀ ಸೊಣ್ಣಮ್ಮಾರ! ಒದ್ದಿ ಅರಿವೀಲೆ ಒರಸ್ರಿ!"

"ನಮ್ಮನೆ ನೆಲಕ್ಕೂ ಇವ್ರದೇ ದರ್ಬಾರು," ಎಂದು ಗೊಣಗಿ ಸೊಣ್ಣಮ್ಮ ಬಟ್ಟೆ ಒದ್ದೆ ಮಾಡಿಕೊಂಡಳು.

ಮಗಳು ಬಂದಳು, ಗಂಡು ಹಡೆದಳು. ಗೋಡೆಯ ತಲೆಯ ಮೇಲೆ ಈಗ ಬಯಲು. ರೊಟ್ಟಿ, ಗೊರಕೆ, ಬೈಗುಳ ಎಲ್ಲಕ್ಕೂ ನೇರ ದಾರಿ. ಹೆಂಡಿರನ್ನು ನಡುವೆ ಎಳೆಯುವುದೂ ನಿಂತಿತು. ಒಂದು ನಸುಕಿಗೆ ಕೂಸು ಕಿರುಚಿ ಅಳತೊಡಗಿತು.

"ವೀರಬಸಪ್ಪ, ಮಲಗಕ್ ಬಿಡ್ತೀರೇನ್ರೀ? ಆ ಕೂಸಿನ ಎದೆಯೋ, ಕಮ್ಮಾರನ ತಿದಿಯೋ?"

ತೊಟ್ಟಿಲು ತೂಗುತ್ತಿದ್ದ ವೀರಬಸಪ್ಪನ ಮುಖ ಅರಳಿತು. "ಹೌದ್ರಿ! ಎದಿ ಗಟ್ಟಿ ಐತಿ!"

ಬೈಯಲು ಹೋಗಿ ತಾನೆಲ್ಲಿ ವೀರಬಸಪ್ಪನ ಮೊಮ್ಮಗನನ್ನು ಹೊಗಳಿಬಿಟ್ಟೆನೋ ಎಂದು ರಾಮಕೃಷ್ಣಪ್ಪನಿಗೆ ಆಮೇಲೆ ನಿದ್ದೆಯೇ ಹತ್ತಲಿಲ್ಲ.