ಕಾವಲು ಕೂತ ಗಜ್ಜುಗ

“ಅಮ್ಮಾ, ಗೋದಜ್ಜಿ ದಿನಾ ಆಟದ ಮಣೆ ಮುಂದೆ ಕೂತಿರ್ತಾರೆ, ಕವಡೆ ಮಾತ್ರ ಹಾಕೋದೇ ಇಲ್ಲ. ಯಾಕೆ?”

ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾ ಪುಟ್ಟಿ ಕೇಳಿದಳು. “ನೀನು ಅಲ್ಲಾಡಬೇಡ” ಎಂದೆ. ನನಗೂ ಗೊತ್ತಿರಲಿಲ್ಲ.

ಗೋದಮ್ಮ ನಮ್ಮ ಮನೆಯೊಡತಿ. ಮಂಡ್ಯದ ಈ ಮನೆಯ ಮುಂಭಾಗ ನಮಗೆ ಬಾಡಿಗೆ, ಹಿಂಭಾಗದಲ್ಲಿ ಅವರು. ಯಜಮಾನರು ತೀರಿಕೊಂಡು ಬಹಳ ಕಾಲವಾಯಿತಂತೆ, ಮಕ್ಕಳಿಲ್ಲ. ಎಪ್ಪತ್ನಾಲ್ಕನೆಯ ಇಸವಿಯಲ್ಲಿ ನಾವು ಬಂದಾಗ ಅವರ ಜೊತೆ ನಾದಿನಿ ಪಂಕಜ ಇದ್ದರು. ಜಾತಕ ಕೂಡದೆ ಮದುವೆಯಾಗದೇ ಉಳಿದಿದ್ದವರು. ನಮ್ಮವರು ವಿ.ಸಿ. ಫಾರಂ ಕೆಲಸಕ್ಕೆ ಸೈಕಲ್ ಹತ್ತಿ ಹೋದಮೇಲೆ ನನಗೆ ಮನೆಯಲ್ಲಿ ಕೇಳಿಸುತ್ತಿದ್ದ ದೊಡ್ಡ ಸದ್ದೆಂದರೆ ಗೋಡೆಯಾಚೆ ಅತ್ತಿಗೆ ನಾದಿನಿಯರ ಜಗಳ. “ರಾಕ್ಷಸ ಇನ್ನೂ ಸತ್ತಿಲ್ಲ ಅತ್ತಿಗೆ!” “ಸತ್ತ ಕಣೇ, ಎಂಟು ಬಿದ್ದಿದೆ, ನೋಡು!” ಆಮೇಲೆ ನಗು. ಪಂಕಜ ಮದುವೆಯಾಗಿ ಹೋದಮೇಲೆ ಗೋಡೆಯಾಚೆ ಪಾತ್ರೆ ತೊಳೆಯುವ ಸದ್ದಷ್ಟೇ.

ಪುಟ್ಟಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅವಳ ತುಂಟತನದಿಂದಲೇ. ದುದ್ದದಿಂದ ಬಸ್ಸಿನಲ್ಲಿ ಅವರೆಕಾಯಿ ತರುವ ಮಾಯಮ್ಮ ಹಿತ್ತಲಲ್ಲಿ ಅಳೆದು ಹಾಕುತ್ತಿದ್ದಾಗ ಪುಟ್ಟಿ ಗೋದಮ್ಮನ ಮನೆಯೊಳಗೆ ನುಗ್ಗಿ ಮಣೆಯ ಮೇಲಿದ್ದ ನೀಲಿ ಬಳೆಚೂರಿಗೆ ಕೈ ಹಾಕಿದಳು. ಗೋದಮ್ಮ ಮೊರ ಬಿಟ್ಟು ಓಡಿಬಂದು ಅವಳ ಕೈ ಹಿಡಿದುಕೊಂಡರು.

“ಮುಟ್ಟಬೇಡ! ಅವಳು ಮಲಗಿದಾಳೆ.”

“ಯಾರು?”

“ಪಂಕಜನ ಮಂತ್ರವಾದಿನಿ.”

ಮಾಯಮ್ಮ ಬಾಗಿಲಲ್ಲೇ ಸೊಂಟಕ್ಕೆ ಕೈಕೊಟ್ಟು ನಿಂತಳು. “ಅಲ್ಲ ಕಣವ್ವ, ಬಳೆಚೂರ್ಗೂ ನಿದ್ದೆಯಾ? ಈ ಅವರೆಕಾಯ್ ಕುಯ್ದು ನಂಗೇ ನಿದ್ದೆ ಇಲ್ಲ. ನನ್ನೂ ಅಲ್ಲೇ ಒಂದ್ ಮೂಲೇಲಿ ಮನಗ್ಸ್‌ಬುಡಿ.”

“ನಿನ್ನ ಗೊರಕೆಗೆ ರಾಕ್ಷಸ ಎದ್ದುಬಿಡ್ತಾನೆ, ಹೋಗೇ” ಎಂದರು ಗೋದಮ್ಮ. ಆದರೆ ಪುಟ್ಟಿಯ ಕೈ ಬಿಟ್ಟಿರಲಿಲ್ಲ.

ಮಾಯಮ್ಮ ಹೋದಮೇಲೆ ಅವರೇ ಹೇಳಿದರು. ಮಧ್ಯಾಹ್ನ ಹೊತ್ತು ಹೋಗಲೆಂದು ಚೌಕಾಬಾರ ಆಡುತ್ತಿದ್ದವರು ಇವರಿಬ್ಬರು. ಪಂಕಜನಿಗೆ ಕಥೆಯ ಹುಚ್ಚು. ಮಣೆಯ ಒಂದು ಮನೆಯನ್ನು ಕಾಡು ಎಂದಳು, ಇನ್ನೊಂದನ್ನು ಗುಹೆ ಎಂದಳು, ಗುಹೆಯಲ್ಲಿ ರಾಕ್ಷಸನನ್ನು ಕೂರಿಸಿದಳು. ಗೋದಮ್ಮನ ಗಜ್ಜುಗ ವೀರನಾಯಿತು, ಪಂಕಜನ ಬಳೆಚೂರು ಮಂತ್ರವಾದಿನಿಯಾಯಿತು. ಅವರ ಕಸುವಿನ ಲೆಕ್ಕಕ್ಕೆ ಹುಣಸೆಬೀಜ. ಪೆಟ್ಟು ಬಿದ್ದರೆ ಬೀಜ ಹೋಗುತ್ತದೆ. ಮರದ ನೆರಳಲ್ಲಿ ಕೂತು ಸುಧಾರಿಸಿಕೊಂಡರೆ ಒಂದು ಬೀಜ ವಾಪಸ್ಸು. ಒಮ್ಮೆ ಹೇಳಿದ ಮಂತ್ರವಾದರೋ ಪೂರಾ ಮಲಗಿ ಏಳುವವರೆಗೂ ನೆನಪಿಗೆ ಬಾರದು. ಮಲಗಿದವರಿಗೆ ಎಲ್ಲ ಬೀಜವೂ ಮಂತ್ರವೂ ಮರಳುತ್ತವೆ. ಆದರೆ ಕಾಡಿನಲ್ಲಿ ಒಬ್ಬರು ಮಲಗಬೇಕಾದರೆ ಇನ್ನೊಬ್ಬರು ಕಾವಲು ಕೂರಬೇಕು. ಕಾವಲು ಕೂತವರು ಕದಲುವಂತಿಲ್ಲ, ಅವರಿಗೆ ಏನೂ ದಕ್ಕುವುದಿಲ್ಲ.

“ನಮ್ಮೆಜಮಾನ್ರು ಹಾಸಿಗೆ ಹಿಡಿದಾಗ ನಾನು ಸ್ವಲ್ಪ ಹೊತ್ತು, ಅವಳು ಸ್ವಲ್ಪ ಹೊತ್ತು ಎದ್ದಿರ್ತಿದ್ವಿ. ಆಮೇಲೆ ಆಟಕ್ಕೂ ಅದೇ ಬಂತು” ಎಂದರು.

ಮಳವಳ್ಳಿಯ ಮೇಷ್ಟರೊಬ್ಬರಿಗೆ ಎರಡನೆಯ ಸಂಬಂಧವಾಗಿ ಪಂಕಜನ ಮದುವೆ ನಡೆಯಿತು. ಹೊರಟ ದಿನ ಮಂತ್ರವಾದಿನಿ ಗುಹೆಯ ಬಾಗಿಲಲ್ಲಿ ಮಲಗಿದ್ದಳು, ಗಜ್ಜುಗ ಪಕ್ಕದಲ್ಲಿ ಕಾವಲಿಗಿತ್ತು. “ನನ್ನವಳು ಮಲಗಿರಲಿ ಅತ್ತಿಗೆ, ಹಬ್ಬಕ್ಕೆ ಬಂದು ಎಬ್ಬಿಸ್ತೀನಿ” ಎಂದು ಬಸ್ಸು ಹತ್ತಿದರಂತೆ. ಎಷ್ಟೋ ಹಬ್ಬ ಕಳೆದವು. ಗೋದಮ್ಮ ದಿನವೂ ಮಣೆಯ ಧೂಳು ಒರೆಸುತ್ತಾರೆ, ಕಾಯಿಗಳನ್ನು ಎತ್ತದೆ.

“ನೀವೇ ಎಬ್ಬಿಸಿ ಅಜ್ಜಿ” ಎಂದಳು ಪುಟ್ಟಿ.

“ಬೇರೆಯವರು ಎಬ್ಬಿಸಿದರೆ ಮಂತ್ರ ಬರಲ್ಲ ಮಗು. ಕವಡೆ ಅವಳೇ ಹಾಕಬೇಕು.”

ಮೊದಲು ಹುಚ್ಚು ಎನಿಸಿತು. ಆಮೇಲೆ ಒಲೆಯ ಮುಂದೆ ಕೂತಾಗ ಅನಿಸಿತು, ನಾದಿನಿಗೆ ‘ಬಾ’ ಎಂದು ಬಾಯಿಬಿಟ್ಟು ಕರೆಯಲು ಇವರಿಂದಾಗದು. ಕರೆದರೆ ಗಂಡನ ಮನೆಯವರು ಏನೆಂದುಕೊಂಡಾರು ಎಂಬ ಭಯ. ಹಾಗಾಗಿ ಕಾಯುತ್ತಿದ್ದಾರೆ.

ಸಂಕ್ರಾಂತಿಗೆ ನಾನು ಮಳವಳ್ಳಿಯ ತವರಿಗೆ ಹೊರಟಾಗ ಗೋದಮ್ಮ ಪುಳಿಯೋಗರೆ ಗೊಜ್ಜಿನ ಬಾಟಲಿ ಕೊಟ್ಟರು. “ಪಂಕಜನಿಗೆ ಕೊಡು. ಆಟದ ವಿಷಯ ಸುಮ್ಮನೆ ಮಾತಿಗೆ ಮಾತು ಬಂದರೆ ಹೇಳು. ನಾನು ಹೇಳಿಕಳಿಸಿದೆ ಅನ್ನಬೇಡ.”

ನಾನು ಹೋದಾಗ ಪಂಕಜ ಮೇಷ್ಟರ ಮಗಳಿಗೆ ಜಡೆ ಹಾಕುತ್ತಿದ್ದರು. ಮಗ ಅವರ ಬೆನ್ನಿಗೆ ಆತುಕೊಂಡು ಮಗ್ಗಿ ಒಪ್ಪಿಸುತ್ತಿದ್ದ. ಗೊಜ್ಜಿನ ಮುಚ್ಚಳ ತೆಗೆದು ಮೂಸಿ, “ಅತ್ತಿಗೆ ಕೈ!” ಎಂದರು. ನಾನು ಮಣೆಯ ಸುದ್ದಿ ತೆಗೆದೆ.

“ಅಯ್ಯೋ, ಇನ್ನೂ ಎತ್ತಿಟ್ಟಿಲ್ವಾ ಅದನ್ನ?” ಜೋರಾಗಿ ನಕ್ಕರು. “ನನಗೆ ಮರೆತೇ ಹೋಗಿತ್ತು ನೋಡಿ. ಇವೆರಡನ್ನ ಬಿಟ್ಟು ಎಲ್ಲಿ ಬರಲಿ? ನೀವೇ ಎಬ್ಬಿಸಿ ಅನ್ನಿ. ಮಂತ್ರ ಹೋದರೆ ಹೋಗಲಿ.”

ಜಡೆಗೆ ರಿಬ್ಬನ್ ಕಟ್ಟಿ ಹುಡುಗಿಯ ಕೆನ್ನೆ ಹಿಂಡಿದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಗೋದಮ್ಮನಿಗೆ ಹೇಳಲು ಸುಲಭವಾಗುತ್ತಿತ್ತು.

ಬಸ್ಸಿನಲ್ಲಿ ಮಂಡ್ಯ ಬರುವವರೆಗೂ ಸುಳ್ಳೊಂದನ್ನು ಹೆಣೆದೆ: ಉಗಾದಿಗೆ ಬರ್ತಾರಂತೆ ಎಂದುಬಿಡೋಣ. ಆದರೆ ಉಗಾದಿಯೂ ಬರುತ್ತದಲ್ಲ. ಗೋದಮ್ಮನ ಹಿತ್ತಲಲ್ಲಿ ಕೂತು ಇದ್ದದ್ದನ್ನೇ ಹೇಳಿದೆ. ಅವರು ಸೊಪ್ಪು ಬಿಡಿಸುತ್ತಲೇ ಇದ್ದರು.

“ತೆಳ್ಳಗಾಗಿದಾಳಾ?”

“ಇಲ್ಲ, ಮೈಕೈ ತುಂಬಿಕೊಂಡಿದಾರೆ.”

“ಮಕ್ಕಳು ಹಚ್ಚಿಕೊಂಡಿವೆಯಾ?”

“ಸೆರಗು ಬಿಡಲ್ಲ.”

“ಸರಿ ಬಿಡು.” ದಂಟೊಂದನ್ನು ಮುರಿದು ಅತ್ತ ಎಸೆದರು. ನಾನು ಏಳಲು ಹೊರಟಾಗ ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಮುಖ ನೋಡಿದರು. ನಾವು ಈ ಮನೆಗೆ ಬಂದಾಗಿನಿಂದ ಒಂದು ಹಿಡಿ ಉಪ್ಪನ್ನೂ ಕೇಳದವರು.

“ನಿನಗೆ ಬಿಡುವಾದಾಗ ಒಂದು ಕಾಯಿ ತಗೊಂಡು ಬಾ ಕಣಮ್ಮ. ಗುಂಡಿ ಆದರೂ ಸರಿ, ಬೆಣಚುಕಲ್ಲಾದರೂ ಸರಿ. ಅವಳನ್ನ ಎಬ್ಬಿಸೋದು ಬೇಡ, ಮಲಗಿರಲಿ. ನೀನೊಂದಿಷ್ಟು ಹೊತ್ತು ಕಾವಲು ಕೂತರೆ, ನನ್ನ ವೀರ ಮಲಗ್ತಾನೆ.”