ಸಂಕೋಚದ ಮೇಷ್ಟ್ರು

ಕಾಲೇಜಿನ ಮನಶ್ಶಾಸ್ತ್ರ ವಿಭಾಗದ ಕಾರಿಡಾರಿನಲ್ಲಿ ಪ್ರತಿಯೊಬ್ಬರ ಬಾಗಿಲ ಪಕ್ಕದಲ್ಲೂ ಒಂದು ಸಣ್ಣ ಫಲಕವಿತ್ತು. ಅವರು ಯಾವ ತರಗತಿಗೆ ಪಾಠ ಮಾಡುತ್ತಾರೆ, ಯಾವ ವಿಷಯದಲ್ಲಿ ಸಂಶೋಧನೆ ನಡೆಸುತ್ತಾರೆ ಎಂಬುದನ್ನು ಅದರಲ್ಲಿ ಬರೆದಿರುತ್ತಿದ್ದರು. ಎಲ್ಲರೂ ದೊಡ್ಡ ಮೇಡಂ ಎಂದು ಕರೆಯುತ್ತಿದ್ದ ವಿಭಾಗದ ಮುಖ್ಯಸ್ಥೆ, ಮಕ್ಕಳು ಸುಳ್ಳು ಹೇಳುವುದನ್ನು ಯಾವಾಗ ಕಲಿಯುತ್ತಾರೆ ಎಂದು ಪತ್ತೆ ಹಚ್ಚುವುದರಲ್ಲಿ ಮುಳುಗಿದ್ದರು. ತಾವು ಮಾತ್ರ ಒಂದು ಚಿಕ್ಕ ಸುಳ್ಳು ಹೇಳಲು ಹೋದರೂ ಕಿವಿ ಕೆಂಪಗಾಗಿ ಸಿಕ್ಕಿಬೀಳುತ್ತಿದ್ದರು. ನಿದ್ದೆಯ ಬಗ್ಗೆ ಅಧ್ಯಯನ ಮಾಡುತ್ತಿದ್ದವರು ಸಭೆಗಳಲ್ಲಿ ತೂಕಡಿಸುತ್ತಿದ್ದರು. ಎಬ್ಬಿಸಿದರೆ, "ಕೆಲಸದಲ್ಲಿದ್ದೆ" ಅನ್ನುತ್ತಿದ್ದರು. ಕಾರಿಡಾರಿನ ಕೊನೆಯ ಕೋಣೆಯ ಫಲಕದಲ್ಲಿ ಉಳಿದವುಗಳಲ್ಲಿದ್ದಂತೆ ನಾಲ್ಕೈದು ಸಾಲುಗಳಿರಲಿಲ್ಲ. ಸಂಶೋಧನೆ ಎಂಬುದರ ಮುಂದೆ ಇದ್ದದ್ದು ಒಂದೇ ಪದ: ಸಂಕೋಚ.

ಆ ಕೋಣೆಯ ಮೇಷ್ಟ್ರಿಗೆ ವಿದ್ಯಾರ್ಥಿಗಳು ಇಟ್ಟಿದ್ದ ಹೆಸರು 'ಮುಟ್ಟಿದರೆ ಮುನಿ'. ಅದು ಅವರಿಗೂ ಗೊತ್ತಿತ್ತು. ಗೊತ್ತು ಎಂದು ತೋರಿಸಿಕೊಳ್ಳಲೂ ಸಂಕೋಚವಾಗಿ ಸುಮ್ಮನಿದ್ದರು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರು ಮಾಡಿದ ಮೊದಲ ಪಾಠ ಕಾಲೇಜಿನಲ್ಲಿ ಬಹಳ ಕಾಲ ಕಥೆಯಾಗಿ ಓಡಾಡಿತು. ಒಳಗೆ ಬಂದವರೇ ಸೀಮೆಸುಣ್ಣ ಹಿಡಿದು ಕಪ್ಪುಹಲಗೆಯ ಕಡೆ ತಿರುಗಿದರು. ಬರೆದರು, ಅಳಿಸಿದರು, ಮತ್ತೆ ಬರೆದರು. ಮಾತೆಲ್ಲ ಹಲಗೆಯ ಜೊತೆಗೇ ನಡೆಯಿತು. ಗಂಟೆ ಹೊಡೆದಾಗ ಬೆನ್ನ ಮೇಲೆ ಅಂಗಿ ಒದ್ದೆಯಾಗಿ ಅಂಟಿತ್ತು. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು ಬಹಳ ವಿನಯದಿಂದ ಕೇಳಿದಳು:

"ಸರ್, ನಾಳೆ ಈ ಕಡೆ ತಿರುಗ್ತೀರಾ?"

ಮರುದಿನ ತಿರುಗಿದರು. ಹೇಗೆ ತಿರುಗಿದೆ ಎಂಬುದು ಇವತ್ತಿಗೂ ಅವರಿಗೆ ತಿಳಿಯದು. ಆದರೆ ವರ್ಷಗಳು ಕಳೆದಂತೆ ಅವರ ಪಾಠ ಒಂದು ಹದಕ್ಕೆ ಬಂತು. ಧ್ವನಿ ಸಣ್ಣದಾದ್ದರಿಂದ ಹಿಂದಿನ ಬೆಂಚಿನವರೂ ಕಿವಿಗೊಟ್ಟು ಕೇಳುವುದನ್ನು ಕಲಿತರು. ತರಗತಿಯಲ್ಲಿ ಯಾರನ್ನೂ ತಟ್ಟನೆ ಎಬ್ಬಿಸಿ ಪ್ರಶ್ನೆ ಕೇಳುತ್ತಿರಲಿಲ್ಲ. ಮೌಖಿಕ ಪರೀಕ್ಷೆಯನ್ನಂತೂ ಮೇಜಿನ ಹಿಂದೆ ಕೂತು ನಡೆಸಿದವರೇ ಅಲ್ಲ. ಒಬ್ಬೊಬ್ಬರನ್ನೇ ಕರೆದುಕೊಂಡು ಕಾಲೇಜಿನ ಕಾಂಪೌಂಡಿನೊಳಗೆ ಒಂದು ಸುತ್ತು ಹಾಕುತ್ತಿದ್ದರು. ಬಾಯಿಗೆ ಬೀಗ ಹಾಕಿಕೊಂಡಿದ್ದ ಹುಡುಗರು ಕೂಡ ಸೈಕಲ್ ಸ್ಟ್ಯಾಂಡ್ ದಾಟುವಷ್ಟರಲ್ಲಿ ಮಾತಿಗೆ ಇಳಿಯುತ್ತಿದ್ದರು.

ಅವರ ಸಂಶೋಧನೆ ಹುಟ್ಟಿದ್ದೂ ಇಂಥದ್ದೇ ಒಂದು ಗಮನದಿಂದ. ತರಗತಿಯಲ್ಲಿ ತುಟಿ ಬಿಚ್ಚದವರು ಕಾರಿಡಾರಿನ ಕಿಟಕಿ ಎದುರಿನ ಬೆಂಚಿನ ಮೇಲೆ ಹೊರಗೆ ನೋಡುತ್ತಾ ಕೂತಾಗ ಪಟಪಟ ಮಾತಾಡುತ್ತಿದ್ದರು. ಮೇಷ್ಟ್ರು ಪ್ರಯೋಗಾಲಯದಲ್ಲಿ ಎರಡು ಕುರ್ಚಿ ಹಾಕಿಸಿದರು. ಗುರುತಿಲ್ಲದ ಇಬ್ಬರನ್ನು ಒಮ್ಮೆ ಎದುರುಬದುರು, ಒಮ್ಮೆ ಕಿಟಕಿಯ ಕಡೆ ಮುಖ ಮಾಡಿ ಪಕ್ಕಪಕ್ಕದಲ್ಲಿ ಕೂರಿಸಿ, ಯಾವಾಗ ಎಷ್ಟು ಮಾತಾಡುತ್ತಾರೆ, ಎಷ್ಟು ಮನಬಿಚ್ಚುತ್ತಾರೆ ಎಂದು ಗಮನಿಸಿದರು. ಸಂಕೋಚದವರಿಗೆ ಅಳುಕು ಇರುವುದು ಮಾತಿನ ಬಗ್ಗೆ ಅಲ್ಲ, ಮಾತಾಡುವಾಗ ತಮ್ಮ ಮುಖದ ಮೇಲೆ ನೆಟ್ಟಿರುವ ಕಣ್ಣಿನ ಬಗ್ಗೆ ಎಂಬುದು ಅವರ ವಾದ.

"ಅಲ್ರೀ, ಸಿಂಕ್ ಮುಂದೆ ನಿಂತು ಪಾತ್ರೆ ತೊಳೆಯೋ ಅತ್ತಿಗೆ ನಾದಿನಿಯರಿಗೆಲ್ಲ ಗೊತ್ತಿರೋ ವಿಷಯ ಇದು," ಎಂದು ದೊಡ್ಡ ಮೇಡಂ ಕಾಲೆಳೆದರು.

"ಹೌದು ಮೇಡಂ. ಅವರನ್ನೂ ಕೇಳಬೇಕು ಅಂತಿದ್ದೀನಿ," ಎಂದರು ಮೇಷ್ಟ್ರು, ಪೂರ್ತಿ ಗಂಭೀರವಾಗಿ.

ಇಂಥವರಿಗೆ ಮದುವೆ ಹೇಗಾಯಿತು ಎಂದು ಕೇಳಿದರೆ, ಕಣ್ಣಿನ ದೆಸೆಯಿಂದ ಎನ್ನಬೇಕು. ಕನ್ನಡಕ ಮಾಡಿಸಲು ಅಂಗಡಿಗೆ ಹೋಗಿದ್ದರು. ಕಣ್ಣು ಪರೀಕ್ಷೆ ಮಾಡುವ ಹೆಂಗಸು, "ನನ್ನ ಕಡೆ ನೋಡಿ" ಅಂದಾಗಲೆಲ್ಲ ಅವರು ಆಕೆಯ ಭುಜದಾಚೆಯ ಗಡಿಯಾರ ನೋಡಿದರು. ಕೊನೆಗೆ ಆಕೆ ಟಾರ್ಚ್ ಕೆಳಗಿಟ್ಟು, "ನಿಮ್ಮ ಕಣ್ಣು ಚೆನ್ನಾಗಿದೆ. ಗಡಿಯಾರ ಕೂಡ ಚೆನ್ನಾಗಿದೆ. ನಾನೇ ಸರಿಯಾಗಿ ಕಾಣ್ತಿಲ್ಲ ಅನ್ಸುತ್ತೆ," ಎಂದಳು. ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅಗತ್ಯವೇ ಇಲ್ಲದೆ ಆ ಅಂಗಡಿಗೆ ಹೋಗಿ ಹೋಗಿ ಒಂದು ಡಬ್ಬಿ ತುಂಬ ಕನ್ನಡಕ ಒರೆಸುವ ಬಟ್ಟೆ ಕೂಡಿಹಾಕಿದರು. ಕಡೆಗೆ ಮದುವೆಯ ಮಾತನ್ನು ಆಡಿದವಳೂ ಆಕೆಯೇ.

ಒಬ್ಬಳೇ ಮಗಳು. ಅವಳು ಪೂರಾ ಅಮ್ಮನ ಕಡೆ. ಮಾತಿನ ಮಲ್ಲಿ. ಶಾಲೆಯಿಂದ ಬಂದು ಚಪ್ಪಲಿ ಬಿಡುವಾಗ ಶುರುವಾದ ವರದಿ ಊಟದ ತನಕ ಮುಗಿಯುತ್ತಿರಲಿಲ್ಲ. ಮೇಷ್ಟ್ರು ಉತ್ತರಪತ್ರಿಕೆ ತಿದ್ದುತ್ತಾ ಹೂಂಗುಟ್ಟುತ್ತಿದ್ದರು. ಅವರು ಕೇಳುತ್ತಿಲ್ಲ ಎಂದು ಅನುಮಾನ ಬಂದರೆ ಅವಳು ನಡುವೆ, "ಆಮೇಲೆ ನಮ್ಮ ಕ್ಲಾಸಿಗೆ ಆನೆ ಬಂತು" ಎಂದು ಸೇರಿಸುತ್ತಿದ್ದಳು. ಮೇಷ್ಟ್ರು ತಲೆ ಎತ್ತದೆ, "ಯಾವ ಬೆಂಚಲ್ಲಿ ಕೂತ್ಕೊಂತು?" ಅನ್ನುತ್ತಿದ್ದರು.

ಅವಳು ಹೈಸ್ಕೂಲಿನಲ್ಲಿದ್ದಾಗ, ತಂದೆತಾಯಿ ಬಂದು ತಮ್ಮ ಕೆಲಸದ ಬಗ್ಗೆ ಮಕ್ಕಳಿಗೆ ಹೇಳುವ ಒಂದು ಕಾರ್ಯಕ್ರಮವನ್ನು ಶಾಲೆಯಲ್ಲಿ ಇಟ್ಟುಕೊಂಡರು. ಮಗಳು ಯಾರನ್ನೂ ಕೇಳದೆ ಅಪ್ಪನ ಹೆಸರು ಕೊಟ್ಟು ಬಂದಳು.

"ಅಮ್ಮನ್ನ ಕರ್ಕೊಂಡು ಹೋಗು," ಎಂದರು ಮೇಷ್ಟ್ರು.

"ಅಮ್ಮ ಎಲ್ಲರಿಗೂ ಗೊತ್ತು. ನೀನು ಏನ್ ಮಾಡ್ತೀಯ ಅಂತ ಯಾರಿಗೂ ಗೊತ್ತಿಲ್ಲ."

ಮೇಷ್ಟ್ರು ಒಪ್ಪಿಕೊಂಡರು. ವಾರವಿಡೀ ಸ್ನಾನದ ಮನೆಯಲ್ಲಿ ಅಭ್ಯಾಸ ಮಾಡಿದರು. ಆದರೆ ಅವತ್ತು ಸಭಾಂಗಣದ ವೇದಿಕೆ ಹತ್ತಿ, ಇಡೀ ಶಾಲೆ ತಮ್ಮನ್ನೇ ನೋಡುತ್ತಿರುವುದನ್ನು ಕಂಡದ್ದೇ ತಡ, ಕಲಿತದ್ದೆಲ್ಲ ಗಾಳಿಗೆ ಹಾರಿತು. "ನಮಸ್ಕಾರ. ನಾನು..." ಎಂದರು. ಮೈಕು ಕಿರುಚಿತು. ಮತ್ತೆ "ನಾನು" ಎಂದರು. ಕೈ ಹೋಗಿ ನೀರಿನ ಲೋಟಕ್ಕೆ ತಾಗಿ, ನೀರು ಮೇಜಿನ ತುಂಬ ಹರಿಯಿತು. ಮೇಷ್ಟ್ರು ಅದನ್ನು ಕರವಸ್ತ್ರದಿಂದ ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು, ಆಮೇಲೆ ಒದ್ದೆ ಕರವಸ್ತ್ರ ಹಿಡಿದುಕೊಂಡೇ ಮೆಟ್ಟಿಲಿಳಿದು ಹೊರಟುಹೋದರು.

ಮನೆಗೆ ಬಂದ ಮಗಳು, "ಪರವಾಗಿಲ್ಲ ಬಿಡಪ್ಪ," ಎಂದಳು. ಅಷ್ಟೇ. ಅದಾದ ಮೇಲೆ ಅವಳ ಮಾತು ದಿನೇದಿನೇ ಇಂಗುತ್ತಾ ಹೋಯಿತು. ಕೇಳಿದ್ದಕ್ಕೆ ಹೂಂ, ಉಹೂಂ. ತಟ್ಟೆ ತೊಳೆದಿಟ್ಟು ಕೋಣೆ ಸೇರಿಕೊಂಡರೆ ಮುಗಿಯಿತು.

ಬೇರೆಯವರ ಮೌನದ ಬಗ್ಗೆ ಪುಟಗಟ್ಟಲೆ ಬರೆದಿದ್ದ ಮೇಷ್ಟ್ರಿಗೆ ಸ್ವಂತ ಮನೆಯ ಮೌನದ ಮುಂದೆ ಕೈಕಾಲು ಆಡದಂತಾಯಿತು. ಅವಳ ಎದುರಿಗೆ ಸ್ಟೂಲು ಹಾಕಿಕೊಂಡು ಕೂತು, "ಏನಾದ್ರೂ ಹೇಳ್ಬೇಕು ಅನ್ಸುತ್ತಾ ಮಗಳೇ?" ಎಂದು ಕೇಳಿದರು. "ಇಲ್ಲ" ಎಂದಳು. ಮರುದಿನ ಅದೇ ಪ್ರಶ್ನೆ, ಅದೇ ಉತ್ತರ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಅವರನ್ನು ಅಡುಗೆಮನೆಗೆ ಕರೆದಳು. "ಏನ್ರೀ, ನಿಮ್ಮ ವಿದ್ಯೆ ಕಾಲೇಜಿನ ಗೇಟ್ ದಾಟಿ ಬರಲ್ವಾ? ಪೊಲೀಸರ ಥರ ಎದುರಿಗೆ ಕೂತ್ಕೊಂಡು ಕೇಳಿದ್ರೆ ಯಾರ್ ಹೇಳ್ತಾರೆ?"

ಮೇಷ್ಟ್ರು ಅವಳನ್ನೇ ನೋಡಿದರು. ಇಷ್ಟು ಸುಲಭದ ಸಂಗತಿ ತಮಗೇ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು, ಸಮಾಧಾನವೂ ಆಯಿತು.

ಕೋಣೆಯ ಗೋಡೆಗೆ ನೀಲಿ ಬಣ್ಣ ಬೇಕೆಂದು ಮಗಳು ಹಿಂದೆ ಎಷ್ಟೋ ಸಲ ಗಂಟುಬಿದ್ದಿದ್ದಳು. ಆ ಭಾನುವಾರ ಮೇಷ್ಟ್ರು ಬಣ್ಣದ ಡಬ್ಬಿ, ಎರಡು ಬ್ರಷ್ಷು ತಂದರು. ಮಂಚ ಎಳೆದು, ನೆಲಕ್ಕೆ ಹಳೆಯ ಪೇಪರು ಹಾಸಿದರು. ಮಗಳು ಸ್ಟೂಲಿನ ಮೇಲೆ ಹತ್ತಿ ಗೋಡೆಯ ಮೇಲ್ಭಾಗ ಹಿಡಿದಳು. ಮೇಷ್ಟ್ರು ಕೆಳಭಾಗಕ್ಕೆ ನೆಲದ ಮೇಲೆ ಕೂತರು. ಇಬ್ಬರ ಮುಖವೂ ಗೋಡೆಗೆ. ಅವರು ಏನನ್ನೂ ಕೇಳಲಿಲ್ಲ. ಬ್ರಷ್ಷು ಗೋಡೆಯ ಮೇಲೆ ಸರಪರ ಆಡುವ ಸದ್ದು ಮಾತ್ರ. ಮೇಲಿನಿಂದ ಆಗಾಗ ಒಂದೊಂದು ಹನಿ ಅವರ ತಲೆಯ ಮೇಲೆ ಬೀಳುತ್ತಿತ್ತು. ಅದಕ್ಕೂ ಅವರು ಮಾತೆತ್ತಲಿಲ್ಲ.

ಅರ್ಧ ಗೋಡೆ ನೀಲಿಯಾದ ಮೇಲೆ ಮೇಲಿನಿಂದ ದನಿ ಬಂತು.

"ಅಪ್ಪ, ನಮ್ಮ ಕ್ಲಾಸಲ್ಲಿ ಗಿಳಿ ಅಂತ ಇದಾಳೆ. ಅವಳ ಹೆಸರು ಅದಲ್ಲ. ಎಲ್ಲರ ಥರಾನೂ ಆಡಿ ತೋರಿಸ್ತಾಳೆ, ಅದಕ್ಕೆ ಗಿಳಿ."

"ಹೂಂ."

"ಅವಳು ನಿನ್ನ ಥರ ಮಾಡ್ತಾಳೆ. ವೇದಿಕೆ ಮೇಲೆ ನೀನು ನಿಂತಿದ್ಯಲ್ಲ, ಹಾಗೆ. ದಿನಾ ಮಾಡ್ತಾಳೆ. ಎಲ್ರೂ ನಗ್ತಾರೆ."

ಮೇಷ್ಟ್ರು ಬ್ರಷ್ಷನ್ನು ಡಬ್ಬಿಯಲ್ಲಿ ಅದ್ದಿದರು.

"ನಾನೂ ನಕ್ಕೆ ಅಪ್ಪ," ಎಂದಳು ಮಗಳು. "ಫಸ್ಟ್ ದಿನಾನೇ ನಕ್ಕೆ. ಆಮೇಲೆ ಮನೆಗೆ ಬಂದು ನಿನ್ನ ಮುಖ ನೋಡೋಕಾಗ್ಲಿಲ್ಲ."

ಮೇಷ್ಟ್ರು ಬಣ್ಣ ಬಳಿದ ಜಾಗಕ್ಕೇ ಮತ್ತೆ ಮತ್ತೆ ಬಳಿದರು. ಮಕ್ಕಳು ಆಡಿಕೊಂಡು ನಕ್ಕರು ಎಂಬುದಕ್ಕಲ್ಲ ಅವರಿಗೆ ಸಂಕಟವಾದದ್ದು. ಈ ಪುಟ್ಟ ಜೀವ ಇಷ್ಟು ದಿನ ಈ ಭಾರವನ್ನು ಒಬ್ಬಳೇ ಹೊತ್ತಿದ್ದಳಲ್ಲ ಎಂದು. ಅದೂ ತಮಗೆ ನೋವಾದೀತೆಂದು.

ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: "ಹೇಗ್ ಮಾಡ್ತಾಳೆ? ತೋರ್ಸು."

"ಬೇಡ ಅಪ್ಪ."

"ನಾನು ನನ್ನನ್ನ ನೋಡೇ ಇಲ್ವಲ್ಲ. ತೋರ್ಸು ಪರವಾಗಿಲ್ಲ."

ಅವಳು ಸ್ಟೂಲಿನಿಂದ ಇಳಿದಳು. ಭುಜ ಎತ್ತಿ, ಕತ್ತನ್ನು ಒಳಗೆಳೆದುಕೊಂಡು, ಒಂದು ಕೈಯಿಂದ ಅಂಗಿಯ ಗುಂಡಿ ಹಿಡಿದು, "ನಾನು... ನಾನು..." ಎಂದು ಇಲ್ಲದ ಮೇಜನ್ನು ಒರೆಸತೊಡಗಿದಳು.

"ಗುಂಡಿ ಹಾಗೇ ಹಿಡ್ಕೊಂಡಿದ್ನಾ ನಾನು?"

"ಇನ್ನೂ ಜೋರಾಗಿ. ಕಿತ್ಕೊಂಡ್ ಬರುತ್ತೇನೋ ಅನ್ನೋ ಥರ."

ಮೇಷ್ಟ್ರು ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿತುಂಬ. ಮಗಳು ನಗಲೋ ಅಳಲೋ ತಿಳಿಯದೆ ಎರಡನ್ನೂ ಮಾಡಿದಳು. ಏನಾಯಿತೋ ಎಂದು ಓಡಿ ಬಂದ ಅಮ್ಮನಿಗೆ ಕಂಡದ್ದು ತಲೆಯೆಲ್ಲ ನೀಲಿಯಾದ ಗಂಡ, ಅವರ ಹೆಗಲಿಗೆ ಮುಖ ಒತ್ತಿಕೊಂಡ ಮಗಳು. ಆಕೆ ಬಾಗಿಲು ಮುಂದೆ ಮಾಡಿ ಹೊರಟುಹೋದಳು.

ಇನ್ನೊಂದು ಸಲ ಶಾಲೆಗೆ ಬರಲೇ ಎಂದು ಅವರೇ ಕೇಳಿದರು. ಬೇಡವೇ ಬೇಡ ಎಂದಳು. ಅವರು ಒತ್ತಾಯ ಮಾಡಲಿಲ್ಲ. ಕೆಲವು ದಿನಗಳ ನಂತರ ಅವಳೇ ಹೇಳಿದಳು: "ವೇದಿಕೆ ಬೇಡ, ಮೈಕೂ ಬೇಡ. ನಮ್ಮ ಕ್ಲಾಸಿಗೆ ಬಾ ಸಾಕು. ಮಿಸ್ ಹತ್ರ ಮಾತಾಡಿದೀನಿ."

ತರಗತಿಗೆ ಹೋದಾಗ ಅವರ ಕೈ ತಾನಾಗಿಯೇ ಅಂಗಿಯ ಗುಂಡಿಗೆ ಹೋಯಿತು. ಮಕ್ಕಳಲ್ಲಿ ಪಿಸುಪಿಸು ಎದ್ದಿತು. ಮೇಷ್ಟ್ರು ಕೈಯನ್ನು ನೋಡಿಕೊಂಡು, ಅದನ್ನು ಅಲ್ಲೇ ಇರಗೊಟ್ಟು ಹೇಳಿದರು: "ಹೋದ ಸಲ ನನಗೆ ಏನಾಯ್ತು ಅಂತ ನೀವೆಲ್ಲ ನೋಡಿದ್ದೀರಿ. ಹಾಗೆ ಯಾಕಾಗುತ್ತೆ ಅಂತ ಹುಡುಕೋದೇ ನನ್ನ ಕೆಲಸ. ಇನ್ನೂ ಪೂರ್ತಿ ಸಿಕ್ಕಿಲ್ಲ."

ಮಕ್ಕಳು ನಕ್ಕರು. ಆ ನಗೆಯಲ್ಲಿ ಮೊನಚು ಇರಲಿಲ್ಲ.

ಆಮೇಲೆ ಕುರ್ಚಿಗಳನ್ನೆಲ್ಲ ಕಿಟಕಿಯ ಕಡೆ ತಿರುಗಿಸಿದರು. ಅಷ್ಟಾಗಿ ಒಡನಾಟವಿಲ್ಲದವರ ಪಕ್ಕ ಕೂತು, ಒಬ್ಬರನ್ನೊಬ್ಬರು ನೋಡದೆ, ಜನರ ಮುಂದೆ ತಮಗೆ ಯಾವುದು ಕಷ್ಟ ಎಂದು ಹೇಳಿಕೊಳ್ಳಬೇಕು. ಮೊದಲು ಕಿಸಿಕಿಸಿ ಎಂದವರು ನಿಧಾನವಾಗಿ ತಗ್ಗಿದ ದನಿಯಲ್ಲಿ ಮಾತಿಗಿಳಿದರು. ಕೊನೆಗೆ ಒಬ್ಬಳು ಜೋಡಿಯಿಲ್ಲದೆ ಉಳಿದಳು. ತೆಳ್ಳಗಿನ ಹುಡುಗಿ, ಒಂದು ಕಡೆ ನಿಲ್ಲಲಾರದ ಕೈಕಾಲು. ಮಗಳು ದೂರದಿಂದ ಕಣ್ಣಲ್ಲೇ ಸನ್ನೆ ಮಾಡಿದಳು. ಗಿಳಿ.

ಮೇಷ್ಟ್ರು ಅವಳ ಪಕ್ಕದ ಕುರ್ಚಿಯಲ್ಲಿ ಕೂತರು. ಇಬ್ಬರೂ ಹೊರಗಿನ ಆಟದ ಮೈದಾನ ನೋಡಿದರು.

"ನನ್ನ ಥರ ಬಹಳ ಚೆನ್ನಾಗಿ ಮಾಡ್ತೀಯಂತೆ," ಎಂದರು ಮೇಷ್ಟ್ರು.

ಗಿಳಿಯ ಆಡುತ್ತಿದ್ದ ಕಾಲು ನಿಂತಿತು. "ಸಾರಿ ಸರ್."

"ಬೈಯೋಕೆ ಹೇಳ್ತಿಲ್ಲ. ಅಷ್ಟು ಜನರ ಮುಂದೆ ಹೇಗೆ ಮಾಡ್ತೀಯ ಅಂತ ಕೇಳ್ತಿದ್ದೀನಿ. ನನಗೆ ನಾನಾಗಿ ನಿಲ್ಲೋಕೇ ಆಗಲ್ಲ."

ಅವಳು ಕುರ್ಚಿಯ ಅಂಚನ್ನು ಉಗುರಿನಿಂದ ಕೆರೆದಳು. "ನನಗೂ ಆಗಲ್ಲ ಸರ್," ಎಂದಳು ಆಮೇಲೆ. "ಬೇರೆಯವರ ಥರ ಮಾಡ್ವಾಗ ಯಾರೂ ನನ್ನನ್ನ ನೋಡ್ತಿರಲ್ಲ. ಅವರನ್ನ ನೋಡ್ತಿರ್ತಾರೆ. ನಾನೇ ಬರೆದ ಪದ್ಯ ಓದು ಅಂದ್ರೆ ಹೊಟ್ಟೆ ನೋವು ಬರುತ್ತೆ."

ಎಷ್ಟೋ ವರ್ಷ ಕುರ್ಚಿ ಹಾಕಿ ಕಾದಿದ್ದ ಮೇಷ್ಟ್ರು ಈ ಮಾತನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ. ಅದನ್ನು ಅವರು ಅವಳಿಗೇ ಹೇಳಿದರು. ಗಿಳಿ ಮೊದಲ ಸಲ ತಿರುಗಿ ಅವರ ಮುಖ ನೋಡಿದಳು. ಅವರೂ ಅವಳನ್ನು ನೋಡಿದರು, ಕಣ್ಣು ತಪ್ಪಿಸದೆ.

ಶಾಲೆ ಬಿಟ್ಟ ಮೇಲೆ ಅಪ್ಪ ಮಗಳು ಬಸ್ಸು ಹತ್ತಿದರು. ಬಸ್ಸು ಕಿಕ್ಕಿರಿದಿತ್ತು. ಎರಡು ಸೀಟು ಖಾಲಿಯಾದಾಗ ಮಗಳು ಒಂದರಲ್ಲಿ ಕೂತು, ಪಕ್ಕದ್ದರ ಮೇಲೆ ಚೀಲ ಇಟ್ಟು ಅಪ್ಪನಿಗೆಂದು ಹಿಡಿದಿಟ್ಟಳು. ಗುರುತಿಲ್ಲದ ಹೆಂಗಸೊಬ್ಬಳು ಬಂದು, "ಇಲ್ಲಿ ಯಾರಾದ್ರೂ ಇದಾರಾ ಮರಿ?" ಎಂದು ಕೇಳಿದಳು.

"ನಮ್ಮಪ್ಪ ಇದಾರೆ," ಎಂದಳು ಮಗಳು, ಬಸ್ಸಿಗೆಲ್ಲ ಕೇಳುವ ಹಾಗೆ. "ಅಗೋ, ಅಲ್ಲಿ ಕಂಬ ಹಿಡ್ಕೊಂಡು ನಿಂತಿದಾರಲ್ಲ, ಅವರೇ. ಕಾಲೇಜಲ್ಲಿ ಪ್ರೊಫೆಸರ್."

ಬಸ್ಸಿನ ಜನ ತಿರುಗಿ ನೋಡಿದರು. ಮೇಷ್ಟ್ರ ಮುಖ ಕೆಂಪೇರಿತು. ಜನರ ನಡುವೆ ತೂರಿಕೊಂಡು ಬಂದು, ಆ ಹೆಂಗಸನ್ನೇ ಮಗಳ ಪಕ್ಕದಲ್ಲಿ ಕೂರಿಸಿ, ತಾವು ಅಲ್ಲೇ ನಿಂತರು. ಮಗಳು ಮನೆ ಬರುವ ತನಕ ಬಾಯಿ ಮುಚ್ಚಲಿಲ್ಲ.